ಬೈತಖೋಲದಲ್ಲಿ ಕೈಕೊಟ್ಟ 3 ಡಿಬಿ

ಮೀನುಗಾರಿಕೆ ನಿಷೇಧದ 61 ದಿನಗಳು ಜುಲೈ 31ಕ್ಕೆ ಮುಗಿದು ಬೋಟುಗಳು ಕಡಲಿಗಿಳಿಯುವುದರೊಳಗೆ ಅವುಗಳ ರೇಡಿಯೋ ರಿಸೀವರ್ ಒಪ್ಪಿಸಬೇಕಿತ್ತು. ಆ ಗಡುವಿನ ಕೊನೆಯ ವಾರ, ಕಾರವಾರದ ಬೈತಖೋಲ ಬಂದರಿನ ಪಕ್ಕದ ಕೋಣೆಯೊಂದರಲ್ಲಿ ಗ್ರಾಹಕರ ಇಬ್ಬರು ಪ್ರತಿನಿಧಿಗಳೆದುರು ಸಿಗ್ನಲ್ ಜನರೇಟರ್ ತಿರುಗಿಸುತ್ತ ಕುಳಿತಿದ್ದೆ. 12 ಡಿಬಿ ಸಿನಾಡ್‌ಗೆ, ಅಂದರೆ ಗದ್ದಲದ ನಡುವೆ ಮಾತು ತಿಳಿಯುವಷ್ಟಕ್ಕೆ, 0.22 ಮೈಕ್ರೋವೋಲ್ಟ್ ಸಿಗ್ನಲ್ ಸಾಕೆಂದು ಬರೆದುಕೊಟ್ಟವನು ನಾನೇ, 156.8 ಮೆಗಾಹರ್ಟ್ಸ್‌ನ 16ನೇ ಚಾನೆಲ್‌ನಲ್ಲಿ ಅದು 0.32ಕ್ಕಿಂತ ಕೆಳಗೆ ಇಳಿಯಲಿಲ್ಲ.

ಮೊದಲು ಉಪ್ಪುಗಾಳಿಯನ್ನು ದೂರಿದೆ. ಕನೆಕ್ಟರ್‌ಗಳನ್ನು ಸ್ಪಿರಿಟ್‌ನಿಂದ ಒರೆಸಿದೆ, ಮೂರು ಕೇಬಲ್ ಬದಲಿಸಿದೆ, ರಿಸೀವರಿನೊಳಗಿನ ಆಂದೋಲಕದ (ಎಲ್‌ಓ) ಮಟ್ಟ ಅಳೆದೆ. ಅದು +7 ಡಿಬಿಎಂ ಸರಿಯಾಗಿಯೇ ಇತ್ತು. ಪ್ರತಿನಿಧಿಗಳಲ್ಲೊಬ್ಬರು ಕಿಟಕಿಯಾಚೆಯ ಮಳೆಯನ್ನು ನೋಡತೊಡಗಿದ್ದರು. ಅವರ ಮೌನಕ್ಕಿಂತ ಬೈಗುಳವೇ ವಾಸಿ ಎನಿಸಿತು. ಆಗ ಕಾಗದದ ಮೇಲೆ ಎರಡೂ ಅಂಕಿಗಳನ್ನು ಭಾಗಿಸಿ ನೋಡಿದರೆ, ಅಂತರ ಹೆಚ್ಚುಕಡಿಮೆ 3 ಡಿಬಿ. ಉಪ್ಪು ಇಷ್ಟು ಲೆಕ್ಕ ಹಾಕಿ ನಷ್ಟ ಮಾಡುವುದಿಲ್ಲ.

ತಪ್ಪು ನಡೆದದ್ದು ತಿಂಗಳ ಹಿಂದೆ, ನನ್ನದೇ ಬೆಂಚಿನ ಮೇಲೆ. ಒಳಬಂದ ಸಿಗ್ನಲನ್ನು ಎಲ್‌ಓ ಜೊತೆ ಬೆರೆಸಿ ಒಂದು ಸ್ಥಿರ ಮಧ್ಯಂತರ ಆವರ್ತನಕ್ಕೆ (ಐಎಫ್) ತರುವ, 30ರಿಂದ 500 ಮೆಗಾಹರ್ಟ್ಸ್‌ವರೆಗಿನ ಡಯೋಡ್ ರಿಂಗ್ ಮಿಕ್ಸರ್‌ನ ಟ್ರಾನ್ಸ್‌ಫಾರ್ಮರ್‌ಗಳನ್ನು ನಾನೇ ಕೈಯಾರೆ ಸುತ್ತಿದ್ದೆ. ಈ ಬೆರಕೆಯಲ್ಲಿ ಆಗುವ ನಷ್ಟ, ಅಂದರೆ ಕನ್ವರ್ಶನ್ ಲಾಸ್, 6.5 ಡಿಬಿ, ಮಿಕ್ಸರಿನ ನಂತರದ ಐಎಫ್ ಆಂಪ್ಲಿಫೈಯರ್‌ನ ನಾಯ್ಸ್ ಫಿಗರ್ (ಅದು ತಾನೇ ಸೇರಿಸುವ ಗದ್ದಲದ ಅಳತೆ) 1.5 ಡಿಬಿ, ಕೂಡಿದರೆ 8. ಮೀಟರ್ ತೋರಿಸಿದ್ದು 5. ಮಿಕ್ಸರಿನ ನಷ್ಟಕ್ಕಿಂತಲೂ ಕಡಿಮೆಯಾಗಿದ್ದ ಆ ಅಂಕಿಯನ್ನು ಸಂಶಯಿಸುವ ಬದಲು ನನ್ನ ಸುತ್ತುಗಳ ಮಹಿಮೆಯೆಂದು ನಂಬಿ, ವರದಿಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದೆ.

10.7 ಮೆಗಾಹರ್ಟ್ಸ್‌ನ ಐಎಫ್‌ಗೆ ಎಲ್‌ಓ 167.5ರಲ್ಲಿದ್ದರೆ, 156.8ರ ಜೊತೆಗೆ 178.2 ಕೂಡ ಅದೇ ಐಎಫ್‌ಗೆ ಬಂದು ಬೀಳುತ್ತದೆ. ಅಳತೆಗೆ ಬಳಸುವ ನಾಯ್ಸ್ ಸೋರ್ಸಿನ ಗದ್ದಲ ಎರಡೂ ಬಾಗಿಲಿನಿಂದ ಒಳಗೆ ಬರುತ್ತದೆ, ಬೋಟಿನ ಮಾತು ಒಂದರಿಂದ ಮಾತ್ರ. ಹಾಗಾಗಿ ಮೀಟರ್ 3 ಡಿಬಿ ಕಡಿಮೆ ತೋರಿಸಿತ್ತು. ಊರಿಗೆ ಮರಳಿ 178.2 ತಡೆಯುವ ಫಿಲ್ಟರ್ ಕಟ್ಟಿ ಅಳೆದಾಗ, ಫಿಲ್ಟರಿನ ನಷ್ಟ ಕಳೆದು ಉಳಿದದ್ದು 8.

ಹೊಸ ಆವೃತ್ತಿಯಲ್ಲಿ ಎರಡನೆಯ ಬಾಗಿಲು ದೂರ ಸರಿಯಲೆಂದು ಮೊದಲ ಐಎಫ್ ಅನ್ನು 500ರ ಮೇಲಕ್ಕೆ ಒಯ್ದು, ಅದನ್ನು ತಡೆಯಲು ಪ್ರಿಆಂಪ್ ಮತ್ತು ಮಿಕ್ಸರ್ ನಡುವೆ ಲೋಪಾಸ್ ಫಿಲ್ಟರ್ ಇಟ್ಟೆವು. ಕಚೇರಿಯ ನಮೂನೆಯಲ್ಲಿ ಮಾತ್ರ ನಾಯ್ಸ್ ಫಿಗರ್‌ಗೆ ಇಂದಿಗೂ ಒಂದೇ ಕಾಲಂ ಇದೆ. ಇದು ಒಂದೇ ಬಾಗಿಲಿನ ಲೆಕ್ಕವೆಂದು ತಿಳಿಯಲು, ಅಂಕಿಯ ಪಕ್ಕದಲ್ಲಿ ಪೆನ್ನಿನಿಂದ ‘ಎಸ್‌ಎಸ್‌ಬಿ’ (ಸಿಂಗಲ್ ಸೈಡ್‌ಬ್ಯಾಂಡ್) ಎಂದು ಬರೆಯುತ್ತೇನೆ. ನಮೂನೆ ಗೀಚಿದ್ದಕ್ಕೆ ಆಡಳಿತದವರು ಪ್ರತಿಸಲವೂ ಅದನ್ನು ತಿರುಗಿ ಕಳಿಸುತ್ತಾರೆ.