'ಉದ್ಯೋಗ' ಅಂತ ಟಿಕ್ ಹಾಕಿ ನಾನು ಮಾಡಿದ ತಪ್ಪು

ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್‌ಗಳಿಗೆ ಹೋಗಿ ಕುಟುಂಬಗಳ ವಿವರ ಬರೆದುಕೊಳ್ಳುವುದು ನನ್ನ ಕೆಲಸ. ರೇಷನ್ ಸಿಗುತ್ತಿದೆಯಾ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ, ಕಾರ್ಮಿಕರ ಕಾರ್ಡ್ ಇದೆಯಾ ಅಂತ ಕೇಳಿ ಅರ್ಜಿ ಹಾಕಿಸುತ್ತೇವೆ. ಫಾರಂನಲ್ಲಿ 'ಊರು ಬಿಟ್ಟ ಕಾರಣ' ಅಂತ ಒಂದು ಕಾಲಂ ಇತ್ತು. ಉದ್ಯೋಗ, ಮದುವೆ, ಓದು, ಇತರೆ. ಮೊದಲ ವರ್ಷವೆಲ್ಲ ನಾನು 'ಉದ್ಯೋಗ'ಕ್ಕೇ ಟಿಕ್ ಹಾಕಿದೆ. ಕೆಲಸಕ್ಕೆ ತಾನೇ ಬಂದಿದ್ದಾರೆ, ಅಲ್ವಾ?

2023ರ ಕೊನೆಯಲ್ಲಿ ಯಾದಗಿರಿ ಕಡೆಯ ಒಬ್ಬ ಅಜ್ಜಿ ನನ್ನ ಪೆನ್ನು ತಡೆದರು. ಮೊಮ್ಮಗುವನ್ನು ನೋಡಿಕೊಳ್ಳಲು ಮಗ, ಸೊಸೆಯ ಜೊತೆ ಬಂದವರು. "ಕೆಲಸಕ್ಕ ಬಂದಿಲ್ಲ ಯವ್ವಾ. ಮಳಿ ಬರ್ಲಿಲ್ಲ, ಅದಕ್ಕ ಬಂದೀವಿ. ತೊಗರಿ ಚೊಲೋ ಬಂದಿದ್ರ ಇಲ್ಲ್ಯಾಕ ಇರ್ತಿದ್ವಿ?"

ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ನಾನು ತುಂಬಿದ ಫಾರಂಗಳಲ್ಲಿ ಬರ ಅನ್ನುವ ಪದ ಒಂದು ಕಡೆಯೂ ಇರಲಿಲ್ಲ. ತುಂಬಾ ಬೇಜಾರಾಯಿತು.

ಆಮೇಲೆ ಹಳೆಯ ಜನಗಣತಿ ನೋಡಿದೆ. 1991ರಲ್ಲಿ ವಲಸೆಯ ಕಾರಣಗಳಲ್ಲಿ ಬರ, ನೆರೆಯಂಥ ಪ್ರಕೃತಿ ವಿಕೋಪವೂ ಇತ್ತು. 2001ರಲ್ಲಿ ಅದನ್ನು ಕೈಬಿಟ್ಟರು. 2011ರಲ್ಲೂ ಸೇರಿಸಲಿಲ್ಲ. ಲೆಕ್ಕಕ್ಕೇ ಬಾರದವರಿಗೆ ಯೋಜನೆ ಮಾಡುವುದು ಹೇಗೆ? ವಲಸೆ ಕಾರ್ಮಿಕರಿಗೆ ಅಂತ 1979ರಲ್ಲಿ ಬಂದು 2025ರವರೆಗೆ ಜಾರಿಯಲ್ಲಿದ್ದ ಕಾಯ್ದೆ ಕೂಡ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಇತ್ತು. ಯಾದಗಿರಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಬಂದವರು ಅದರೊಳಗೆ ಬರುತ್ತಲೇ ಇರಲಿಲ್ಲ. ಬೆಳೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. ಲಾವಣಿಗೆ ಹೊಲ ಮಾಡಿ ಸಾಲ ಮೈಮೇಲೆ ಎಳೆದುಕೊಂಡವರೇ ಶೆಡ್‌ಗಳಲ್ಲಿ ನನಗೆ ಜಾಸ್ತಿ ಸಿಗುತ್ತಾರೆ.

ಹಾಗಂತ ಎಲ್ಲದಕ್ಕೂ 'ಹವಾಮಾನ ಬದಲಾವಣೆ' ಅಂತ ಸುಮ್ನೆ ಬರೆದುಬಿಡುವುದೂ ಸರಿಯಲ್ಲ. ಮಳೆ ಕೈಕೊಟ್ಟಿತು, ಬೋರ್‌ವೆಲ್ ಸಾಲ ಬೆಳೆದಿತ್ತು, ಮೇಸ್ತ್ರಿ ಮುಂಗಡ ಕೊಟ್ಟ. ಮೂರೂ ಸೇರಿದ ಮೇಲೆ ಜನ ಗುಳೆ ಹೊರಟರು. ನಮ್ಮ ಕಾಲಂ ಕೊನೆಯದನ್ನು ಮಾತ್ರ ಹಿಡಿಯುತ್ತಿತ್ತು.

ಈಗ ನಾನು 'ಯಾಕೆ ಬಂದಿರಿ' ಅಂತ ಕೇಳುವುದಿಲ್ಲ. 'ಹೊರಡೋ ವರ್ಷ ಹೊಲದಲ್ಲಿ ಏನು ಹಾಕಿದ್ರಿ?' ಅಂತ ಕೇಳುತ್ತೇನೆ. ಮಾತು ಉದ್ದ ಆಗುತ್ತದೆ. ಮೊದಲು ದಿನಕ್ಕೆ 30 ಫಾರಂ ಮುಗಿಸುತ್ತಿದ್ದೆ, ಈಗ 12 ಆದರೆ ಹೆಚ್ಚು. ಅದಕ್ಕೆ ಆಫೀಸಿನಲ್ಲಿ ಎರಡು ತಿಂಗಳು ವಾದ ನಡೆಯಿತು. ಆದರೆ ಬೆಳೆ, ಸಾಲ, ಮುಂಗಡ, ಊರಿಗೆ ಮರಳುವ ತಿಂಗಳು ಎಲ್ಲ ಬರೆದಿದ್ದರಿಂದ ಒಂದು ದೊಡ್ಡ ಉಪಯೋಗ ಆಯಿತು. ಮಕ್ಕಳನ್ನು ಯಾವಾಗ ಇಲ್ಲಿನ ಶಾಲೆಗೆ ಸೇರಿಸಬೇಕು, ಯಾವಾಗ ಊರಿನ ಶಾಲೆಗೆ ಮುಂಚೆಯೇ ತಿಳಿಸಬೇಕು ಅನ್ನುವುದು ಈಗ ನಮಗೆ ಗೊತ್ತಿರುತ್ತದೆ.

2024ರ ಜೂನ್‌ನಲ್ಲಿ ಆ ಅಜ್ಜಿಯ ಫಾರಂ ತಿದ್ದಲು ಮತ್ತೆ ಹೋದೆ. ಶೆಡ್‌ಗೆ ಬೀಗ ಹಾಕಿತ್ತು. "ಊರ ಕಡೆ ಮಳಿ ಆಗೇತ್ರಿ ಅಕ್ಕಾರ, ಬಿತ್ತಾಕ ಹೋಗ್ಯಾರ" ಅಂದರು ಪಕ್ಕದವರು.