ಸಿಗಂದೂರು ದಾರಿ, ಎರಡು ಟೈರು, ಒಂದು ಭರಣಿ

ಹೊರಡೋದೇ ಬೇಡ ಅಂತಿದ್ದೆ ನಾನು. ಒಂದೇ ತಿಂಗಳಲ್ಲಿ ವೋಲ್ಟೇಜ್ ಹೆಚ್ಚುಕಮ್ಮಿ ಆಗಿ ವಾಷಿಂಗ್ ಮಷೀನ್ ಬೋರ್ಡು ಸುಟ್ಟು 5,200, ಮಗ ಫೋನ್ ಬೀಳಿಸ್ಕೊಂಡು ಡಿಸ್‌ಪ್ಲೇಗೆ 7,800, ನನ್ನ ಹಲ್ಲಿನ ರೂಟ್ ಕೆನಾಲಿಗೆ 9,000. ಒಟ್ಟು 22,000 ಹೋಗಿತ್ತು, ರಾತ್ರಿ ಮಲಗಿದ್ರೂ ಅದೇ ಲೆಕ್ಕ ತಲೇಲಿ. ನಮ್ಮನೆಯವ್ರು ಸಿಗಂದೂರು ಚೌಡೇಶ್ವರಿಗೆ ಹೇಳ್ಕೊಂಡಿದ್ದ ಹರಕೆ ಎರಡು ವರ್ಷದಿಂದ ಬಾಕಿ ಇದೆ, ಈಗ ಅಲ್ಲಿಗೆ ಹೋಗೋಕೆ ಶರಾವತಿ ಹಿನ್ನೀರಿಗೆ ಸೇತುವೆ ಬೇರೆ ಆಗಿದೆ, ನಡಿ ಅಂದ್ರು. ಏಪ್ರಿಲ್‌ನ ಒಂದು ಶನಿವಾರ ಬೆಳಗ್ಗೆ ಐದಕ್ಕೇ ಬೆಂಗಳೂರು ಬಿಟ್ವಿ.

ತಿಪಟೂರಲ್ಲಿ ತಿಂಡಿ, ಅರಸೀಕೆರೆ ದಾಟೋವರೆಗೂ ಎಲ್ಲ ಚೆನ್ನಾಗೇ ಇತ್ತು. ಕಡೂರು ಇನ್ನೇನು ಬಂತು ಅನ್ನೋವಾಗ ಲಾರಿ ಹಿಂದೆ ಹೋಗ್ತಿದ್ದ ನಮಗೆ ಗುಂಡಿ ಕಾಣಿಸಲೇ ಇಲ್ಲ, ಎಡಗಡೆ ಎರಡೂ ಚಕ್ರ ಇಳಿದು ಧಡ್ ಅಂತ ಸದ್ದು, ಮುಂದಿನ ರಿಮ್ಮು ಬೆಂಡು, ಎರಡೂ ಟೈರಿನ ಪಕ್ಕ ಹರಿದು ಹೋಗಿದೆ, ಇರೋ ಸ್ಟೆಪ್ನಿ ಒಂದೇ. ಪೇಟೆಯಿಂದ ಮೆಕ್ಯಾನಿಕ್ ಕರೆಸಿ ಎಲ್ಲ ಸರಿ ಮಾಡಿಸೋಷ್ಟರಲ್ಲಿ ನಾಲ್ಕು ಗಂಟೆ ಹೋಯ್ತು, ಬಿಲ್ಲು 11,600. ನಂಗೆ ಅಲ್ಲೇ ರಸ್ತೆ ಪಕ್ಕ ಕೂತು ಅಳು ಬಂದ್ಬಿಡ್ತು. ಟೈರಿಗಲ್ಲ, ಒಂದರ ಮೇಲೊಂದು ಹೀಗೇ ಬರ್ತಿದ್ರೆ ನಮ್ಮನೆಗೆ ಏನೋ ಆಗಿದೆ ಅನ್ನಿಸೋಕೆ ಶುರುವಾಗಿತ್ತು.

ಶಿವಮೊಗ್ಗ, ಆನಂದಪುರ ದಾಟಿ ಸಾಗರ ಸೇರೋವಾಗ ಸಂಜೆ. ಹಿನ್ನೀರಿನ ದಂಡೆಯ ಒಂದು ಹಳ್ಳಿ ಮನೇಲಿ ಉಳ್ಕೊಂಡ್ವಿ. ನೀರು ಇಳಿದು ದಂಡೆಯ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಾಣ್ತಿತ್ತು, ನಡುನಡುವೆ ಒಣಗಿದ ಮರದ ಬೊಡ್ಡೆಗಳು ಕಪ್ಪಗೆ ನಿಂತಿದ್ವು. ಅರವತ್ತು ವರ್ಷ ನೀರಲ್ಲಿ ಇದ್ದೂ ಕೊಳೆತಿಲ್ಲ ನೋಡಿ.

ರಾತ್ರಿ ಊಟಕ್ಕೆ ಗಂಜಿ, ಜೊತೆಗೆ ಅಪ್ಪೆಮಿಡಿ, ಅಂದ್ರೆ ಎಳೇ ಮಾವಿನ ಮಿಡಿ ಉಪ್ಪಿನಕಾಯಿ. ತೊಟ್ಟು ಸಮೇತ, ಉಪ್ಪಲ್ಲಿ ಚಿರುಟಿ ಹೆಬ್ಬೆರಳಷ್ಟಾದ ಮಿಡಿ, ಕಚ್ಚಿದ್ರೆ ಜೀರಿಗೆ ಪರಿಮಳ ಮೂಗಿಗೆ ಏರುತ್ತೆ. ಚೆನ್ನಾಗಿದೆ ಅಜ್ಜಿ ಅಂದೆ. ಮನೆಯ ಅಜ್ಜಿಗೆ ಎಪ್ಪತ್ತರ ಹತ್ತಿರ ವಯಸ್ಸು, ಕೈಯಲ್ಲಿದ್ದ ಸೌಟು ಕೆಳಗಿಟ್ಟು ನೀರಿನ ಕಡೆ ತೋರಿಸಿ "ಇದೆಂತ ಪರಿಮಳ, ನಮ್ಮಪ್ಪನ ಮನೆ ಮರದ ಮಿಡಿ ತಿನ್ನಬೇಕಿತ್ತು ನೀವು, ಅದು ಅಲ್ಲಿದೆ, ನೀರಿನಡಿಗೆ" ಅಂದ್ರು.

ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಮುಗೀತಲ್ಲ, ಆಗ ಅಜ್ಜಿಗೆ ಏಳೋ ಎಂಟೋ. ಅಪ್ಪೆ ಮರ ಜಾಸ್ತಿ ಬೆಳೆಯೋದೇ ಹೊಳೆ ದಂಡೇಲಿ, ಹಾಗಾಗಿ ಗದ್ದೆ ತೋಟಕ್ಕಿಂತ ಮುಂಚೆ ಮುಳುಗಿದ್ದು ಅವೇ ಮರಗಳಂತೆ. ಆಮೇಲೆ ಲಾರಿ ಬಂತು, ಇವರ ಮನೆಯವ್ರನ್ನ, ದನಕರುನ ಎಲ್ಲ ತುಂಬ್ಕೊಂಡು ಹೋಗಿ ಶಿವಮೊಗ್ಗ ಕಡೆ ಕಾಡಲ್ಲಿ ಇಳಿಸಿತು. ಅಜ್ಜಿಯ ಅಮ್ಮ ದಾರಿಯುದ್ದಕ್ಕೂ ತೊಡೆ ಮೇಲೆ ಒಂದು ಭರಣಿ ಇಟ್ಕೊಂಡು ಕೂತಿದ್ರಂತೆ, ಆ ಮರದ ಕೊನೇ ವರ್ಷದ ಮಿಡಿ. ಅದನ್ನ ನಾಲ್ಕು ವರ್ಷ ತಿಂದ್ರಂತೆ, ಹಬ್ಬಕ್ಕೊಂದು, ಜ್ವರ ಬಂದವ್ರಿಗೊಂದು. "ಮನೆ ಬಿಡುವಾಗ ಅಮ್ಮ ಅಳಲೇ ಇಲ್ಲ. ಭರಣಿ ಖಾಲಿ ಆಯ್ತು ನೋಡಿ, ಆವತ್ತು ಅತ್ತಿದ್ದು."

ಮದುವೆಯಾಗಿ ಇವ್ರು ಮತ್ತೆ ಇದೇ ದಂಡೆಗೆ ಬಂದ್ರು. ತವರಿನವ್ರಿಗೆ ಕೊಟ್ಟ ಜಾಗದ ಹಕ್ಕುಪತ್ರ ಮಾತ್ರ ಇನ್ನೂ ಆಗಿಲ್ಲ, ಅಣ್ಣನ ಮಕ್ಕಳು ಈಗ್ಲೂ ಅರ್ಜಿ ಹಿಡ್ಕೊಂಡು ಓಡಾಡ್ತಿದಾರೆ. ಒಬ್ಬಿಬ್ಬರಲ್ಲ, ಮುಳುಗಡೆಯಾದ ಎಷ್ಟೋ ಕುಟುಂಬದ್ದು ಇದೇ ಕಥೆ. ನನ್ನ ಮಷೀನ್ ಬೋರ್ಡಿನ ವಿಷಯ ಹೇಳ್ಬೇಕು ಅಂತ ಬಾಯಿಗೆ ಬಂದಿದ್ದು ಅಲ್ಲೇ ನಿಂತ್ಹೋಯ್ತು. ಶರಾವತಿ ವಿದ್ಯುದಾಗಾರದ ಹತ್ತು ಯೂನಿಟ್ಟು, 1,035 ಮೆಗಾವ್ಯಾಟು, ಆ ಕರೆಂಟಲ್ಲೇ ಅಲ್ವಾ ನಮ್ಮ ಬೆಂಗಳೂರು ಇಷ್ಟು ವರ್ಷ ದೀಪ ಹಚ್ಕೊಂಡಿದ್ದು. ಈ ನೀರಿನ ಆಚೆ ದಂಡೆಯವ್ರು ಮಾತ್ರ ಒಂದು ಬಾಣಂತಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಂದ್ರೂ ಲಾಂಚ್ ಕಾಯ್ಬೇಕಿತ್ತು, 2025ರ ಜುಲೈಯಲ್ಲಿ ಸೇತುವೆ ಆಗೋವರೆಗೂ.

ಬೆಳಗ್ಗೆ ಆ ಸೇತುವೆ ಮೇಲೇ ಹೋದ್ವಿ. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ, ಕಾರಲ್ಲಿ ಮೂರೇ ನಿಮಿಷ. ಕೆಳಗಿನ ನೀರಲ್ಲಿ ಯಾರ ಗದ್ದೆ ಎಲ್ಲಿತ್ತೋ ಅಂತಲೇ ನೋಡ್ತಾ ಇದ್ದೆ. ದೇವಸ್ಥಾನದಲ್ಲಿ ರಶ್ಶು ಇತ್ತು, ಹರಕೆ ತೀರಿಸಿದ್ವಿ.

ವಾಪಸ್ ಬರೋವಾಗ ಅಜ್ಜಿ ಒಂದು ಕೇಜಿ ಮಿಡಿ ಗಾಜಿನ ಬಾಟಲಿಗೆ ತುಂಬಿ ಕೊಟ್ರು, ದುಡ್ಡು ಎಷ್ಟು ಹೇಳಿದ್ರೂ ತಗೊಳ್ಳಲಿಲ್ಲ, ಸೊಸೆ ಕೈಗೆ ಇಟ್ಟು ಬಂದೆ. ಡಿಕ್ಕಿಲಿ ಇಡು ಅಂದ್ರು ನಮ್ಮನೆಯವ್ರು. ನಾನು ತೊಡೆ ಮೇಲೇ ಇಟ್ಕೊಂಡೆ, ಕಡೂರಿನ ಆ ಗುಂಡಿ ಹತ್ರ ಬಂದಾಗ ಎರಡೂ ಕೈಯಲ್ಲಿ ಹಿಡ್ಕೊಂಡೆ.