ಹೊಲಿಗಿ ಪಿರಿಯಡ್ಡು ಮತ್ತ ಗವಂತಿ

ಧಾರವಾಡದ ಹುಡುಗ್ಯಾರಿಗೆ ಕಸೂತಿ ಮನ್ಯಾಗನ ಬರತದ ಅಂತ ಎಲ್ಲಾರೂ ಅನ್ಕೋತಾರ, ಆದ್ರ ನನಗ ಕಲಿಸಿದ್ದು ನಮ್ಮ ಸಾಲಿ, ಎಂಟನೇತ್ತದಾಗ, ಹೊಲಿಗಿ ಅಕ್ಕೋರು.

ಕಸೂತ್ಯಾಗ 4 ನಮೂನಿ ಹೊಲಿಗಿ ಅವ, ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿ ಕೈಗೆ ಕೂಡೂತನಕ ಅಕ್ಕೋರು ಉಳದದ್ದಕ್ಕ ಕೈ ಹಚ್ಚಗೊಡತಿರಲಿಲ್ಲ. ಮ್ಯಾಟಿ ಅರಿವಿ (ಎಳಿ ಎಣಿಸಾಕ ಬರೋವಂಥ ದಪ್ಪ ನೇಯ್ಗಿ ಅರಿವಿ), ಮೊಂಡ ತುದಿ ಸೂಜಿ, 6 ಎಳಿ ಲಡಿ ದಾರದಾಗ 2 ಎಳಿ ಬಿಡಿಸ್ಕೊಂಡ್ರ ಸಾಕು, ಪೆನ್ಸಿಲ್ ಇಲ್ಲ ಕಾರ್ಬನ್ ಪೇಪರ್ ಇಲ್ಲ, ಅರಿವಿ ಎಳಿ ಎಣಿಸೇ ಹಾಕಬೇಕು, ಗಂಟಂತೂ ಹಾಕೋಹಂಗ ಇಲ್ಲ, ದಾರದ ತುದಿ ಹೊಲಿಗಿ ಒಳಗನ ಮುಚ್ಚಿಹೋಗಬೇಕು.

ಗವಂತಿ ಹಾಕೋದು ಹಿಂಗ: ಹೋಗುವಾಗ ಒಂದ್ ಮನಿ (ಎಣಿಸಿದ ಎಳಿ ಅಳತಿ ಒಂದು ಹೊಲಿಗಿ ಜಾಗ) ಮ್ಯಾಲ ಒಂದ್ ಮನಿ ಕೆಳಗ, ಸಾದಾ ರನ್ನಿಂಗ್ ಸ್ಟಿಚ್ಚೇ, ಗೆರಿ ಅರ್ಧಾನ ಕಾಣತದ. ಹೊಳ್ಳಿ ಬರುವಾಗ ಅದ ತೂತಿನಾಗ ಸೂಜಿ ಹಾಕಿ ಬಿಟ್ಟ ಮನಿ ತುಂಬಕೋತ ಬರೋದು, ಆವಾಗ ಗೆರಿ ಪೂರಾ, ಹಿಂದೂ ಮುಂದೂ ಒಂದ ಥರ. ಇದರಾಗ ಒಂದು ಸೂಕ್ಷ್ಮ ಅದ. ಹೊಳ್ಳುವಾಗ ಸೂಜಿ ಮೊದಲಿನ ದಾರದ ಒಂದು ಬಾಜೂಕ ಎದ್ದು ಇನ್ನೊಂದು ಬಾಜೂಕ ಇಳೀಬೇಕು, ಪ್ರತಿ ಮನಿಗೂ ಹಂಗನ, ದಾರ ಸೀಳಬಾರದು, ಅಂದ್ರ ಗೆರಿ ನೆಟ್ಟಗ ಕೂಡತದ.

ಖರೇ ತಲಿ ಓಡಸಬೇಕಾಗಿದ್ದು ಗೋಪುರ, ತುಳಸಿಕಟ್ಟಿ ಚಿತ್ರ ಹಾಕುವಾಗ. ನಡುವ ಟೊಂಗಿ, ಅಂದ್ರ ಬಾಜೂಕ ಒಡದ ಗೆರಿ, ಬಂತಂದ್ರ ಹೋಗುವಾಗನ ಅದರ ತುದಿ ಮುಟ್ಟಿ, ತುಂಬಕೋತ ಬುಡಕ್ಕ ಬಂದು, ಆಮ್ಯಾಲ ಮುಂದಿನ ದಾರಿ ಹಿಡೀಬೇಕು, ಇಲ್ಲಾಂದ್ರ ಎಲ್ಲೋ ಒಂದ್ ಮನಿ ಖಾಲಿ ಉಳಿದು ಹಿಂದ ದಾರ ಅಡ್ಡ ಜಗ್ಗಿರತದ. ಅದಕ್ಕ ಗಣಿತದ ಗ್ರಾಫ್ ಹಾಳಿ ಮ್ಯಾಲ ಬಾಣ ಹಾಕಿ ದಾರಿ ತೋರಸೂತನಕ ಅಕ್ಕೋರು ಸೂಜಿ ಹಿಡಿಯಗೊಡತಿರಲಿಲ್ಲ. ನನಗ ಗಣಿತದ ಮ್ಯಾಲ ಪ್ರೀತಿ ಹುಟ್ಟಿದ್ದೂ ಅಲ್ಲೇ ಅನಸ್ತದ.

ಒಂದಿನ ಅಕ್ಕೋರು ತಮ್ಮ ಅವ್ವನ ಚಂದ್ರಕಾಳಿ ಸೀರಿ ತಂದು ಬೆಂಚಿನ ಮ್ಯಾಲ ಹಾಸಿದ್ರು. ಕರೀ ಅರಿವಿ, ಮ್ಯಾಟಿ ಹಂಗ ದಪ್ಪ ಎಳಿ ಅಲ್ಲ, ಕಣ್ಣಿಗೂ ಸಿಗವಲ್ಲವು, ಅದರ ಮ್ಯಾಲ ಸೆರಗು ತುಂಬ ತೇರು, ಆನಿ, ನವಿಲು. ಸೆರಗು ಹೊಳ್ಳಿಸಿದ್ರು, ಗವಂತಿ ಗೋಪುರ ಹಿಂದೂ ಹಂಗನ ಇತ್ತು. ಕ್ಲಾಸಿನಾಗ ಯಾರೂ ಮಾತಾಡಲಿಲ್ಲ. "ಮುಟ್ರಿ, ಮುಟ್ಟಿ ನೋಡ್ರಿ" ಅಂದ್ರು, ಎಲ್ಲಾರೂ ಕೈ ಒರಸ್ಕೊಂಡು ಮುಟ್ಟಿದ್ವಿ.

ಈಗ ಕಸೂತಿ ಸೀರಿ ಅಂತ ಮಾರೋದು ಭಾಳಷ್ಟು ಮಷಿನ್ ಕೆಲಸ, ಹಿಂದ ಬ್ಯಾರೆ ದಾರಾನ ಇರತದ. ಕೈಲೆ ಹಾಕಿದ್ದಕ್ಕ ರೊಕ್ಕ ಜಾಸ್ತಿ ಯಾಕಂತ ಗೆಳತ್ಯಾರು ಕೇಳಿದ್ರ ಇಷ್ಟೆಲ್ಲಾ ಕೂತು ಹೇಳತೀನಿ. ನಮ್ಮ ಸಾಲ್ಯಾಗ ಆ ಪಿರಿಯಡ್ ಇನ್ನೂ ಇದ್ರ ಮ್ಯಾಟಿ ಅರಿವಿ, ದಾರ ನಾ ಕಳಸ್ತೀನಿ, ಗವಂತಿ ಕಲಿಸಾಕ ಬಾ ಅಂದ್ರ ಬರತೀನಿ.